ಚೀನಾದ ಸುರುಳಿ, ಬಿಜಾಪುರದ ಪುಟ, ಕೃಷ್ಣೆಯ ಹಿನ್ನೀರು

ಚೀನಾ ಮೂಲದ ಕಲಾವಿದ ಯುನ್-ಫೈ ಜಿ ಅವರ ‘ತ್ರೀ ಗಾರ್ಜಸ್ ಅಣೆಕಟ್ಟಿನ ವಲಸೆ’ ಎಂಬ ಸುರುಳಿಚಿತ್ರ 2009ರಲ್ಲಿ ಬೀಜಿಂಗ್‌ನ ರೊಂಗ್‌ಬಾವ್‌ಜಾಯ್ ಮುದ್ರಣಶಾಲೆಯಲ್ಲಿ ಅಚ್ಚಾಯಿತು. ಐನೂರಕ್ಕೂ ಹೆಚ್ಚು ಮರದ ಅಚ್ಚುಗಳನ್ನು ಕೈಯಿಂದ ಕೆತ್ತಿ, ಕಾಗದದ ಮೇಲೆ ಒಂದಾದ ಮೇಲೊಂದು ಒತ್ತಿ ತೆಗೆದ ಚಿತ್ರ ಅದು. ತುಸು ದೂರ ನಿಂತು ನೋಡಿದರೆ ಸಾವಿರ ವರ್ಷದ ಹಿಂದಿನ ಚೀನೀ ನಿಸರ್ಗಚಿತ್ರವೇ ಸರಿ. ಅದೇ ಬಂಡೆ, ಅದೇ ಬಾಗಿದ ಮರ, ಅದೇ ಮಾಸಲು ಬಣ್ಣ. ಹತ್ತಿರ ಬಂದಾಗ ಬಂಡೆಗಳ ನಡುವೆ ಜನ ಕಾಣುತ್ತಾರೆ. ಗಂಟುಮೂಟೆ ಕಟ್ಟಿಕೊಂಡು, ಮನೆಯ ಸಾಮಾನು ಬಯಲಿಗಿಟ್ಟುಕೊಂಡು ಕಾಯುತ್ತಿದ್ದಾರೆ. ಯಾಂಗ್‌ತ್ಸೆ ನದಿಯ ನೀರು ಏರುತ್ತಿದೆ, ಊರು ಬಿಡಬೇಕಾಗಿದೆ. ಆ ಅಣೆಕಟ್ಟಿಗಾಗಿ ಮನೆ ಬಿಟ್ಟವರು ಸುಮಾರು 13 ಲಕ್ಷ ಜನ.

ನಿಡಗುಂದಿ ಸೀಮೆಯವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟು ಇರುವುದು ಇದೇ ತಾಲ್ಲೂಕಿನಲ್ಲಿ. ‘ಮುಳುಗಡೆ’ ಅಂದರೆ ಸಾಕು, ಇಲ್ಲಿ ಯಾವ ಮನೆಯಲ್ಲೂ ಮುಂದಿನ ಮಾತು ತಾನಾಗಿ ಹೊರಡುತ್ತದೆ. ಹಾಗಾಗಿ ಚೀನಾದಲ್ಲಿ ಕಳೆದ ಎರಡು ದಶಕಗಳಿಂದ ನಡೆದಿರುವ ಒಂದು ದೊಡ್ಡ ಕಲಾಚರ್ಚೆಯನ್ನು ಈ ದಂಡೆಯಲ್ಲಿ ನಿಂತು ನೋಡುವುದು ನನಗೆ ಬಹಳ ಅಗತ್ಯವೆನಿಸುತ್ತದೆ. ಹಳೆಯ ನಿಸರ್ಗಚಿತ್ರದ ಪರಂಪರೆಯನ್ನು ಇಂದಿನ ಕಲಾವಿದ ಮತ್ತೆ ಕೈಗೆತ್ತಿಕೊಂಡಾಗ ಏನಾಗುತ್ತದೆ? ಯಾವುದು ಹಳೆಯ ಶೈಲಿಯ ಸೊಗಸನ್ನಷ್ಟೇ ಎರವಲು ತಂದ ಕೆಲಸ, ಯಾವುದು ನಿಜವಾಗಿ ಮತ್ತೆ ಕಂಡ ಕೆಲಸ? ನಮ್ಮ ನೆಲದಲ್ಲಿ ಹೀಗೆ ಕೈಗೆತ್ತಿಕೊಳ್ಳುವಂಥ ಪರಂಪರೆ ಏನಿದೆ?

ಮೊದಲು ಚೀನಾದ ಹಳೆಯ ಚಿತ್ರಗಳ ಬಗ್ಗೆ ಒಂದಿಷ್ಟು. ಸೊಂಗ್ ಅರಸರ ಕಾಲದ ಗುವೊ ಶಿ 1072ರಲ್ಲಿ ಬರೆದ ‘ವಸಂತದ ಆರಂಭ’ ಇಂದು ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಬೆಟ್ಟವನ್ನು ನೋಡಲು ಮೂರು ದೂರಗಳಿವೆ ಎಂದು ಅವನು ವಿವರಿಸಿದ: ಬುಡದಲ್ಲಿ ನಿಂತು ತುದಿಯತ್ತ ನೋಡುವ ಎತ್ತರದ ದೂರ, ಮುಂದಿನ ಬೆಟ್ಟದಾಚೆಗೆ ಇಣುಕುವ ಆಳದ ದೂರ, ಇಲ್ಲಿಂದ ಅಲ್ಲಿಯವರೆಗೆ ಚಾಚಿಕೊಂಡ ನೆಲವನ್ನು ನೋಡುವ ಸಮದೂರ. ಒಂದೇ ಚಿತ್ರದಲ್ಲಿ ಮೂರೂ ಇರಬಹುದು. ನೋಡುವವನು ಒಂದೇ ಕಡೆ ಕಾಲೂರಿ ನಿಲ್ಲಬೇಕೆಂಬ ಪಾಶ್ಚಾತ್ಯ ಯಥಾದರ್ಶನದ ಕಟ್ಟಳೆ ಇಲ್ಲಿಲ್ಲ; ಕಣ್ಣು ಚಿತ್ರದೊಳಗೆ ನಡೆಯುತ್ತದೆ. ಸುರುಳಿಚಿತ್ರದಲ್ಲಂತೂ ಈ ನಡಿಗೆ ಕೈಯಿಂದಲೇ ಆಗುತ್ತದೆ. ಬಲಗಡೆಯಿಂದ ತೋಳಳತೆಯಷ್ಟು ಬಿಚ್ಚಿ ನೋಡುವುದು, ನೋಡಿದ್ದನ್ನು ಸುತ್ತಿಕೊಳ್ಳುತ್ತ ಮುಂದಿನದನ್ನು ಬಿಚ್ಚುವುದು. ವಾಂಗ್ ಶಿಮೆಂಗ್ ಎಂಬ ಹದಿನೆಂಟರ ಹುಡುಗ 1113ರಲ್ಲಿ ಬರೆದ ನೀಲಿ-ಹಸಿರು ಸುರುಳಿ ಹನ್ನೆರಡು ಮೀಟರಿಗೆ ಹತ್ತಿರ ಇದೆ. ಅದನ್ನು ಒಂದೇ ನೋಟಕ್ಕೆ ಕಾಣಲು ಬರುವುದಿಲ್ಲ, ಪ್ರಯಾಣದಂತೆ ನೋಡಬೇಕು.

ಈ ಪರಂಪರೆಯಲ್ಲಿ ಹಿಂದಿನವರನ್ನು ಅನುಸರಿಸಿ ಬರೆಯುವುದು ಕೀಳಲ್ಲ. 1350ರ ಹೊತ್ತಿಗೆ ಮುಗಿದ ಹುವಾಂಗ್ ಗೊಂಗ್‌ವಾಂಗನ ‘ಫುಚುನ್ ಬೆಟ್ಟಗಳಲ್ಲಿ ವಾಸ’ ಎಂಬ ಸುರುಳಿಯನ್ನು ಮುನ್ನೂರು ವರ್ಷ ಒಬ್ಬರಾದ ಮೇಲೊಬ್ಬರು ಪ್ರತಿಮಾಡಿ ಕಲಿತರು. 1650ರಲ್ಲಿ ಅದರ ಒಡೆಯ ಸಾಯುವಾಗ, ತನ್ನೊಡನೆ ಅದೂ ಸುಟ್ಟುಹೋಗಲಿ ಎಂದು ಬೆಂಕಿಗೆ ಹಾಕಿಸಿದ. ಸಂಬಂಧಿಯೊಬ್ಬ ಕೈಹಾಕಿ ಎಳೆದುಕೊಂಡ. ಅಷ್ಟರಲ್ಲಿ ಸುರುಳಿ ಎರಡು ತುಂಡಾಗಿತ್ತು. ಒಂದು ತುಂಡು ತೈಪೆಯಲ್ಲಿ, ಇನ್ನೊಂದು ಚೀನಾದ ಹಾಂಗ್‌ಝೌದಲ್ಲಿ ಉಳಿಯಿತು. 2011ರಲ್ಲಿ ತೈಪೆಯ ಪ್ರದರ್ಶನದಲ್ಲಿ ಎರಡನ್ನೂ ಒಟ್ಟಿಗೆ ಇಟ್ಟರು. ಹೀಗೆ ಸುಟ್ಟ ಅಂಚನ್ನೂ ಸೇರಿಸಿಕೊಂಡೇ ಜನ ಪೂಜ್ಯವೆಂದು ನೋಡುವ ಪರಂಪರೆಯನ್ನು ಮುಟ್ಟುವವನಿಗೆ ಧೈರ್ಯದ ಜೊತೆಗೆ ಅಭ್ಯಾಸವೂ ಬೇಕು.

ಇಂದಿನವರು ಅದನ್ನು ಹಲವು ದಾರಿಯಿಂದ ಮುಟ್ಟಿದ್ದಾರೆ. ಶಾಂಘೈಯ ಯಾಂಗ್ ಯೊಂಗ್‌ಲಿಯಾಂಗ್ 1980ರಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲೇ ಹಳೆಯ ಪದ್ಧತಿಯ ಚಿತ್ರ ಕಲಿತವರು. ಅವರ ಬೆಟ್ಟ ದೂರದಿಂದ ಸೊಂಗ್ ಕಾಲದ್ದು. ಹತ್ತಿರದಿಂದ ನೋಡಿದಾಗ ಒಂದರ ಮೇಲೊಂದು ಒಟ್ಟಿದ ಬಹುಮಹಡಿ ಕಟ್ಟಡಗಳು, ಮರಗಳ ಜಾಗದಲ್ಲಿ ವಿದ್ಯುತ್ ಕಂಬ ಮತ್ತು ಕ್ರೇನು. ಎಲ್ಲವೂ ಕಂಪ್ಯೂಟರಿನಲ್ಲಿ ಜೋಡಿಸಿದ ಫೋಟೊ ತುಣುಕುಗಳು. ಯಾವ್ ಲು ಅವರ ‘ಹೊಸ ನಿಸರ್ಗಚಿತ್ರ’ಗಳಲ್ಲಿ ಹಸಿರು ಬೆಟ್ಟವೆಂದು ಕಂಡದ್ದು ಕಟ್ಟಡ ಕೆಡವಿದ ಮಣ್ಣು-ಕಸದ ರಾಶಿ, ದೂಳು ಏಳದಿರಲೆಂದು ಅದರ ಮೇಲೆ ಹೊದಿಸಿದ ಹಸಿರು ಬಲೆಯೇ ಬೆಟ್ಟದ ಹಸಿರು. ಶು ಬಿಂಗ್ 2004ರಲ್ಲಿ ಬರ್ಲಿನ್‌ನಲ್ಲಿ ಶುರು ಮಾಡಿದ ಸರಣಿಯಲ್ಲಿ ಮಸುಕು ಗಾಜಿನ ಹಿಂದೆ ಬೆಳಕು ಹಾಯಿಸಿ ಹಳೆಯ ಚಿತ್ರವೊಂದನ್ನು ಮೂಡಿಸುತ್ತಾರೆ. ಗಾಜಿನ ಹಿಂಬದಿಗೆ ಹೋದರೆ ಒಣಗಿದ ಕಡ್ಡಿ, ಎಲೆ, ನಾರು, ಹಳೆಯ ಕಾಗದ ಬಿಟ್ಟರೆ ಬೇರೇನೂ ಇಲ್ಲ.

ಈ ಮೂವರ ಕೆಲಸವನ್ನೂ ನಾನು ಗೌರವದಿಂದ ನೋಡುತ್ತೇನೆ. ಆದರೂ ಮೊದಲ ಇಬ್ಬರ ಚಿತ್ರಗಳಲ್ಲಿ ಒಂದು ಕೊರತೆ ಕಾಡುತ್ತದೆ. ದೂರದಿಂದ ಒಂದು, ಹತ್ತಿರದಿಂದ ಇನ್ನೊಂದು ಎಂಬ ಅಚ್ಚರಿ ಮುಗಿದ ಮೇಲೆ ಚಿತ್ರದೊಳಗೆ ಕಣ್ಣು ನಡೆದಾಡಲು ಹೆಚ್ಚು ಜಾಗ ಉಳಿಯುವುದಿಲ್ಲ. ಯುನ್-ಫೈ ಜಿ ಅವರಲ್ಲಿ ಹಾಗಲ್ಲ. ಅವರು ಹಳೆಯ ಚಿತ್ರದ ಹೊರರೂಪಕ್ಕಿಂತ ಅದರ ಒಳಗಿನ ನಡೆಯನ್ನು ಹಿಡಿದರು. ಹಳೆಯ ಸುರುಳಿಯಲ್ಲಿ ಬೆಟ್ಟದ ದಾರಿ ಹಿಡಿದ ಸಣ್ಣ ಮನುಷ್ಯ ಊರಿನ ಗದ್ದಲ ಬಿಟ್ಟು ನೆಮ್ಮದಿ ಹುಡುಕಿ ಹೊರಟವನು. ಇಲ್ಲಿ ಅದೇ ಅಳತೆಯ ಸಣ್ಣ ಮನುಷ್ಯ, ಅದೇ ಬೆಟ್ಟದ ದಾರಿ. ಆದರೆ ಇವನನ್ನು ಎಬ್ಬಿಸಿ ಕಳಿಸಲಾಗಿದೆ. ಸುರುಳಿ ಬಿಚ್ಚಿದಷ್ಟೂ ಪ್ರಯಾಣ ಮುಂದುವರಿಯುತ್ತದೆ ಎಂಬ ಹಳೆಯ ಸುಖ ಇಲ್ಲಿ ಊರು ಬಿಟ್ಟವರ ಮುಗಿಯದ ಸಾಲಾಗಿದೆ. ಅವರ 2006ರ ಒಂದು ಚಿತ್ರದ ಹೆಸರು ‘143 ಮೀಟರ್ ನೀರಿನ ಗುರುತಿನ ಕೆಳಗೆ’. ನದಿಯ ದಂಡೆಯಲ್ಲಿ ಬದುಕಿದವರ ಹಣೆಬರಹ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂಬ ಸಂಖ್ಯೆಯಲ್ಲಿ ತೀರ್ಮಾನವಾಗುವುದನ್ನು ಆ ಹೆಸರೇ ಹೇಳುತ್ತದೆ. ಇಲ್ಲಿಯವರ ಬಾಯಲ್ಲಿ ಆ ಸಂಖ್ಯೆ 519.60.

ನಮ್ಮ ಪರಂಪರೆಗೆ ಬರೋಣ. ಕನ್ನಡ ನಾಡಿನಲ್ಲಿ ಚೀನಾದಂತೆ ನಿಸರ್ಗಚಿತ್ರದ್ದೇ ಒಂದು ಅಖಂಡ ಸಂಪ್ರದಾಯ ಬೆಳೆಯಲಿಲ್ಲ, ನಿಜ. ಆದರೆ ನಿಡಗುಂದಿಯಿಂದ ಅಷ್ಟೇನೂ ದೂರವಿಲ್ಲದ ಬಿಜಾಪುರದಲ್ಲಿ (ಇಂದಿನ ವಿಜಯಪುರ), ಆದಿಲ್‌ಶಾಹಿ ದರಬಾರಿನಲ್ಲಿ, ಚೀನಾದ ಬೆಟ್ಟವೇ ಬಂದು ನೆಲೆಸಿತ್ತು. ಅದು ಬಂದ ದಾರಿ ಉದ್ದದ್ದು. ಮಂಗೋಲರು 1258ರಲ್ಲಿ ಬಾಗ್ದಾದ್ ಹಿಡಿದ ಮೇಲೆ ಪರ್ಶಿಯಾ ಮತ್ತು ಚೀನಾ ಎರಡೂ ಒಂದೇ ಮನೆತನದ ಕೈಗೆ ಬಂದವು. 1314ರ ಸುಮಾರಿಗೆ ತಬ್ರೀಜ್‌ನಲ್ಲಿ ತಯಾರಾದ ರಶೀದುದ್ದೀನನ ಇತಿಹಾಸಗ್ರಂಥದ ಪುಟಗಳಲ್ಲಿ ಚೀನೀ ಬಗೆಯ ಬೆಟ್ಟ ಮತ್ತು ಮರ ಕಾಣಿಸಿಕೊಂಡವು. ಅಲ್ಲಿಂದ ಮುಂದೆ ಪರ್ಶಿಯದ ಚಿತ್ರಕಾರರು ಆ ಬಂಡೆಗೆ ಹವಳದ ಆಕಾರ ಕೊಟ್ಟರು, ನಸುನೇರಳೆ, ಗುಲಾಬಿ ಬಣ್ಣ ತುಂಬಿದರು, ಮೋಡವನ್ನು ಸುರುಳಿಸುರುಳಿಯಾಗಿ ತಿರುವಿದರು. ಪರ್ಶಿಯದಿಂದ ದಖನ್ನಿಗೆ ಬಂದ ಕಲಾವಿದರು, ಪುಸ್ತಕಗಳು, ವ್ಯಾಪಾರಿಗಳ ಜೊತೆ ಈ ಬಂಡೆಯೂ ಬಂತು.

ಎರಡನೇ ಇಬ್ರಾಹಿಂ ಆದಿಲ್‌ಶಾಹನ (1580–1627) ಕಾಲದಲ್ಲಿ ಅದಕ್ಕೆ ಹೊಸ ಜೀವ ಬಂತು. ಆ ಕಾಲದ ಅತ್ಯಂತ ಹೆಸರಾದ ಚಿತ್ರ ‘ಮೈನಾ ಹಕ್ಕಿಯೊಂದಿಗೆ ಯೋಗಿನಿ’. ಹದಿನೇಳನೇ ಶತಮಾನದ ಮೊದಲ ವರ್ಷಗಳದು, ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಬೂದಿ ಬಳಿದ ಮೈಯ, ಮೇಲೆ ಕಟ್ಟಿದ ಜಡೆಯ, ಮೈತುಂಬ ಒಡವೆಯ ಯೋಗಿನಿ ನಿಂತಿದ್ದಾಳೆ. ಕೈಯಲ್ಲಿರುವ ಮೈನಾ ಅವಳ ಮುಖದ ಹತ್ತಿರಕ್ಕೆ ಬಂದಿದೆ, ಇಬ್ಬರೂ ಏನೋ ಗುಟ್ಟು ಹಂಚಿಕೊಳ್ಳುವಂತಿದೆ. ಅಕ್ಕಪಕ್ಕದ ಹೂಗಿಡಗಳು ಅವಳ ಎತ್ತರಕ್ಕೆ ಪೈಪೋಟಿಗೆ ನಿಂತಿವೆ. ಆ ಹೂಗಳಲ್ಲಿ ಚೀನೀ ಕುಸುರಿಯ ನೆರಳು ಕಂಡವರಿದ್ದಾರೆ. ಮೇಲೆ ದಿಬ್ಬದಾಚೆ ಬಿಳಿಯ ಅರಮನೆ. ಈ ನೆಲ ಬಿಜಾಪುರದ ಎರೆನೆಲವಲ್ಲ, ಪರ್ಶಿಯದ್ದೂ ಅಲ್ಲ, ಚೀನಾದ್ದಂತೂ ಅಲ್ಲ. ಮೂರೂ ಕಡೆಯ ನೆನಪು ಸೇರಿ, ಕನಸಿನಲ್ಲಿ ಕಂಡ ನೆಲದಂತೆ ಮೂಡಿದೆ. ಚೀನೀ ನಿಸರ್ಗಚಿತ್ರವನ್ನು ಹೊಸದಾಗಿ ಕಂಡವರ ಪಟ್ಟಿಗೆ ಈ ಹೆಸರಿಲ್ಲದ ಬಿಜಾಪುರದ ಚಿತ್ರಕಾರನನ್ನು ನಾನು ಸಂಕೋಚವಿಲ್ಲದೆ ಸೇರಿಸುತ್ತೇನೆ. ನಾನೂರು ವರ್ಷದ ಹಿಂದೆಯೇ ಆ ಕೆಲಸ ಇಲ್ಲಿ ನಡೆದಿತ್ತು.

ಇಂಥ ಪುಟಗಳೆಲ್ಲ ಡಬ್ಲಿನ್, ಲಂಡನ್ ಎಂದು ಹಂಚಿಹೋಗಿವೆ. 1686ರಲ್ಲಿ ಔರಂಗಜೇಬ ಬಿಜಾಪುರ ಗೆದ್ದ ಮೇಲೆ ದರಬಾರಿನ ಚಿತ್ರಶಾಲೆ ಚದುರಿತು. ಊರಲ್ಲೇ ಉಳಿದದ್ದು ಗೋಡೆಯ ಮೇಲಿನ ಚಿತ್ರ. ಅಸಾರ್ ಮಹಲಿನ ಗೋಡೆಗಳಲ್ಲಿ ಹೂದಾನಿಗಳೂ ಬಳ್ಳಿಗಳೂ ಇವೆ. ಕುಮಟಗಿಯ ನೀರಿನ ಮಹಲಿನಲ್ಲಿ ಕುದುರೆ ಮೇಲೆ ಕೂತು ಚೆಂಡಾಡುವವರು, ಕುಸ್ತಿಪಟುಗಳು ಅಳಿದುಳಿದು ಕಾಣುತ್ತಾರೆ. ಬರಿಗೈ ತಾಗಿ, ಮಳೆನೀರು ಇಳಿದು, ಹೆಸರು ಕೆತ್ತಿ ಇವು ಸವೆಯುತ್ತಿರುವುದು ಸಂಕಟದ ಸಂಗತಿ. ವಿಜಯಪುರದ ಪಿ.ಎಸ್. ಕಡೇಮನಿಯವರು ಆದಿಲ್‌ಶಾಹಿ ಕಿರುಚಿತ್ರ ಶೈಲಿಯನ್ನೂ ಕಲಬುರಗಿಯ ವಿಜಯ ಹಾಗರಗುಂಡಗಿಯವರು ಸುರಪುರ ಶೈಲಿಯನ್ನೂ ಮತ್ತೆ ಕುಂಚಕ್ಕೆ ತಂದುಕೊಂಡವರು. ಕೈಚಳಕ ತಪ್ಪಿಹೋದರೆ ಮರುಓದಿನ ಮಾತೇ ಏಳುವುದಿಲ್ಲವಾದ್ದರಿಂದ ಇಂಥವರ ತಪಸ್ಸಿನ ಬೆಲೆ ದೊಡ್ಡದು.

ಬಿಜಾಪುರದ ಯೋಗಿನಿಯನ್ನು ಬೇರೆಯೇ ದಾರಿಯಿಂದ ಮುಟ್ಟಿದವರು ಬೆಂಗಳೂರಿನ ಪುಷ್ಪಮಾಲಾ ಎನ್. ಬರೋಡದಲ್ಲಿ ಶಿಲ್ಪಕಲೆ ಕಲಿತ ಇವರು ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ 2000ದಿಂದ 2004ರವರೆಗೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿ, ಬೆಳದಿಂಗಳ ಸುಂದರಿ, ವೇಲಾಂಕಣಿಯ ಮಾತೆ, ಹೀಗೆ ಹೆಣ್ಣಿನ ಬೇರೆ ಬೇರೆ ಚಿತ್ರಗಳಿಗೆ ತಾವೇ ವೇಷ ಹಾಕಿ ನಿಂತರು. ಅದರಲ್ಲೊಂದು ಬಿಜಾಪುರದ ಕಿರುಚಿತ್ರದ ಯೋಗಿನಿ. ಕುಂಚದಲ್ಲಿ ಬೆರಳುದ್ದ ಇದ್ದ ಲೋಕವನ್ನು ಆಳೆತ್ತರದ ಸ್ಟುಡಿಯೊ ಆಗಿ ಕಟ್ಟಿಸಿದರು. ದಿಬ್ಬ, ಗಿಡ, ಅರಮನೆ ಎಲ್ಲ ಪರದೆಯ ಮೇಲೆ. ಮೂಲದಲ್ಲಿ ಕನಸಾಗಿದ್ದ ನೆಲ ಇಲ್ಲಿ ಪರದೆಯೆಂದು ಎದ್ದು ಕಾಣುತ್ತದೆ, ಮುಂದೆ ನಿಂತಿರುವುದು ಉಸಿರಾಡುವ ಹೆಣ್ಣು. ‘ದಕ್ಷಿಣ ಭಾರತದ ಸ್ಥಳೀಯ ಹೆಂಗಸು’ ಎಂದು ವರ್ಗ ಮಾಡಿ ಫೋಟೊ ತೆಗೆದ ಬ್ರಿಟಿಷ್ ಕಾಲದ ಕಣ್ಣಿಗೂ, ಹೆಣ್ಣನ್ನು ಸುಂದರ ಹಿನ್ನೆಲೆಯಲ್ಲಿ ನಿಲ್ಲಿಸಿ ನೋಡುವ ನಮ್ಮ ಕಣ್ಣಿಗೂ ಅವರು ಒಟ್ಟಿಗೇ ಪ್ರಶ್ನೆ ಹಾಕಿದರು. ಹಳೆಯ ಚಿತ್ರವೊಂದನ್ನು ಇಷ್ಟು ಪ್ರೀತಿಯಿಂದಲೂ ಇಷ್ಟು ನಿಷ್ಠುರವಾಗಿಯೂ ಮತ್ತೆ ಕಂಡ ಉದಾಹರಣೆ ಕನ್ನಡ ನಾಡಿನಲ್ಲಿ ಇನ್ನೊಂದನ್ನು ನಾನು ಕಾಣೆ.

ಅವರು ಪರದೆಯನ್ನು ಆರಿಸಿಕೊಂಡದ್ದಕ್ಕೆ ಉತ್ತರ ಕರ್ನಾಟಕದವರು ವಿಶೇಷವಾಗಿ ಕಿವಿಗೊಡಬೇಕು. ನಮ್ಮ ಸಾಮಾನ್ಯ ಜನ ಕಣ್ಣಾರೆ ಕಂಡ ನಿಸರ್ಗಚಿತ್ರವೆಂದರೆ ಅದೇ ಅಲ್ಲವೇ? ಜಾತ್ರೆಗೆ ಬಂದ ನಾಟಕ ಕಂಪನಿಯ ಕಾಡಿನ ಸೀನು, ರಸ್ತೆಯ ಸೀನು, ದರಬಾರಿನ ಸೀನು. ಸುತ್ತಿಟ್ಟ ಪರದೆ ಹಗ್ಗ ಬಿಟ್ಟಕೂಡಲೇ ಇಳಿಯುತ್ತಿತ್ತು. ಜೋಳದ ಹೊಲ ಬಿಟ್ಟು ಬೇರೆ ನೋಡದವರ ಮುಂದೆ ಜಲಪಾತ ಬಂದು ನಿಲ್ಲುತ್ತಿತ್ತು. ಅದೇ ಪರದೆ ಸಣ್ಣದಾಗಿ ಊರಿನ ಫೋಟೊ ಸ್ಟುಡಿಯೊಗೂ ಬಂತು. ಹೊಸದಾಗಿ ಮದುವೆಯಾದವರು ಅದರ ಮುಂದೆಯೇ ನಿಂತು ಫೋಟೊ ಹೊಡೆಸಿಕೊಂಡರು. ಈ ಪರದೆಗಳನ್ನು ಬರೆದ ಕೈಗಳ ಇತಿಹಾಸವನ್ನು ಇನ್ನೂ ಸರಿಯಾಗಿ ಬರೆದಿಲ್ಲ. ಚೀನೀ ಸುರುಳಿಗೆ ನಮ್ಮಲ್ಲಿ ಹತ್ತಿರದ ಬಂಧು ಯಾವುದೆಂದು ಕೇಳಿದರೆ ನಾನು ರಂಗಪರದೆಯನ್ನೇ ತೋರಿಸುತ್ತೇನೆ.

ಇನ್ನೊಂದು ದಾರಿ ಮೈಸೂರಿನದು. ಸಾಂಪ್ರದಾಯಿಕ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪ ಕಲಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಅವನೀಂದ್ರರು ಅದಕ್ಕೆ ಕೆಲವೇ ವರ್ಷ ಮುಂಚೆ, 1903ರಲ್ಲಿ ಬಂದ ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್‌ಸೊ ಎಂಬ ಜಪಾನೀ ಕಲಾವಿದರಿಂದ ಬಣ್ಣವನ್ನು ನೀರಿನಲ್ಲಿ ತೊಳೆದು ತೊಳೆದು ಮಂಜಿನಂತೆ ಹರಡುವ ಬಗೆ ಕಲಿತಿದ್ದರು. ಜಪಾನಿನ ಆ ಮಂಜಿನ ಬೇರು ಚೀನಾದಲ್ಲೇ ಇದೆ. ಅವನೀಂದ್ರರ ಇನ್ನೊಬ್ಬ ಶಿಷ್ಯ ನಂದಲಾಲ್ ಬೋಸರು 1924ರಲ್ಲಿ ರವೀಂದ್ರರ ಜೊತೆ ಚೀನಾಕ್ಕೆ ಹೋದರು, 1937ರಲ್ಲಿ ಶಾಂತಿನಿಕೇತನದಲ್ಲಿ ಚೀನಾ ಭವನ ತೆರೆಯಿತು, ಬಳಿಕ ಅಲ್ಲಿಗೆ ಬಂದಿದ್ದ ಚೀನೀ ಕಲಾವಿದ ಶು ಬೈಹೊಂಗ್ 1940ರಲ್ಲಿ ಭಾರತದಲ್ಲಿದ್ದುಕೊಂಡೇ ಬೆಟ್ಟ ಅಗೆಯುವ ಮುದುಕನ ದೊಡ್ಡ ಚಿತ್ರ ಬರೆದರು. ವೆಂಕಟಪ್ಪನವರು ಅಷ್ಟು ಹೊತ್ತಿಗೆ ಊರಿಗೆ ಮರಳಿ ತಮ್ಮದೇ ಹಾದಿ ಹಿಡಿದಿದ್ದರು. ಊಟಿಯಲ್ಲೂ ಕೊಡೈಕನಾಲಿನಲ್ಲೂ ಅವರು ಬರೆದ ಜಲವರ್ಣಗಳಲ್ಲಿ ಮೋಡ ಬೆಟ್ಟದಿಂದ ಕಳಚಿಕೊಳ್ಳುವ ಗಳಿಗೆ ಇದೆ, ಬೆಳದಿಂಗಳು ಇದೆ. ಆದರೆ ಅವರು ಮಂಜಿನಲ್ಲಿ ಎಲ್ಲವನ್ನೂ ಕರಗಿಸಿಬಿಡುವವರಲ್ಲ. ಚಿತ್ರಗಾರ ಮನೆತನದ ಸೂಕ್ಷ್ಮ ಕುಸುರಿ ಒಂದೊಂದು ಎಲೆಯಲ್ಲೂ ಎಚ್ಚರವಾಗಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯಲ್ಲಿ ಅವನ್ನು ನಿಧಾನವಾಗಿ ನೋಡಬೇಕು. ಮುಂದೆ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು, ಕೆ.ಕೆ. ಹೆಬ್ಬಾರರು ಕರಾವಳಿಯ ಬದುಕನ್ನು ಬರೆದರು. ಅವು ಬೇರೆ ದಿಕ್ಕಿನ ಸಾಧನೆಗಳು.

ಇಷ್ಟೆಲ್ಲ ದಾರಿಗಳಿದ್ದರೂ ಕೃಷ್ಣೆಯ ಈ ದಂಡೆ ಚಿತ್ರದೊಳಗೆ ಬಂದದ್ದು ಕಡಿಮೆ. ಇಲ್ಲಿ ನಡೆದದ್ದು ಸಣ್ಣದಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದರು. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರ್ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಒಂದೂವರೆ ಕಿಲೋಮೀಟರಿಗೂ ಉದ್ದದ ಕಟ್ಟು, 26 ಗೇಟು, 123 ಟಿಎಂಸಿ ಅಡಿ ನೀರು, 290 ಮೆಗಾವಾಟ್ ವಿದ್ಯುತ್ತು. ಬರದ ಸೀಮೆಗೆ ಕಾಲುವೆ ಬಂತು, ಅದು ದೊಡ್ಡ ಉಪಕಾರ. ಅದೇ ಹೊತ್ತಿಗೆ ಹಳೆಯ ಬಾಗಲಕೋಟೆಯ ಒಂದು ಭಾಗ ನೀರಿಗೆ ಹೋಗಿ ನವನಗರ ಎದ್ದಿತು, ದಂಡೆಯ ಹಳ್ಳಿಗಳು ಪುನರ್ವಸತಿ ಕೇಂದ್ರಗಳಾದವು. ಜನ ಮಾಳಿಗೆ ಮನೆಯ ತೊಲೆ, ಜಂತಿ, ಬಾಗಿಲ ಚೌಕಟ್ಟು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದರು. ತರಲಾಗದ್ದು ಹಗೇವು, ಅಜ್ಜನ ಕಾಲದಿಂದ ಜೋಳ ತುಂಬಿಡುತ್ತಿದ್ದ ಆ ನೆಲದೊಳಗಿನ ಕಣಜಕ್ಕೆ ನೀರು ತುಂಬಿತು. ಬ್ಯಾಸಿಗಿಯಲ್ಲಿ ನೀರು ಸರಿದಾಗ ಹಳೆಯ ಊರಿನ ಅಡಿಪಾಯ, ಗುಡಿಯ ಕಟ್ಟೆ ಮೇಲೆ ಬರುತ್ತವೆ. ಮುಂಗಾರಿನ ಹೊಳೆ ಬಂತೆಂದರೆ ಮತ್ತೆ ಒಳಗೆ.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪ ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಮುಳುಗದಿರಲೆಂದು ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು, ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ದರ್ಶನ ಮಾಡಬೇಕು. ಎತ್ತರದ ದೂರ, ಆಳದ ದೂರ, ಸಮದೂರ ಎಂದ ಗುವೊ ಶಿಯ ಮುಂದೆ ಈ ನೋಟವನ್ನು ಇಟ್ಟಿದ್ದರೆ ಅವನು ನಾಲ್ಕನೆಯ ದೂರವೊಂದನ್ನು ಹೇಳಬೇಕಾಗುತ್ತಿತ್ತು.

ಆಲಮಟ್ಟಿಯಲ್ಲಿ ಅಣೆಕಟ್ಟಿನ ಪಕ್ಕ ರಾಕ್ ಗಾರ್ಡನ್ ಇದೆ, ಮೊಘಲ್ ಉದ್ಯಾನ ಇದೆ, ಸಂಗೀತ ಕಾರಂಜಿ ಇದೆ. ರಜೆಯ ದಿನ ಸುತ್ತಲಿನ ಜಿಲ್ಲೆಗಳ ಜನ ಮಕ್ಕಳನ್ನು ಕರೆತಂದು ಸಂತೋಷಪಡುತ್ತಾರೆ, ಪಡಬೇಕು. ಆದರೆ ಅಲ್ಲಿ ಸುತ್ತಾಡಿ ಬಂದ ಮಗುವಿಗೆ ಈ ನೀರಿನ ಕೆಳಗೆ ಏನಿತ್ತೆಂದು ತೋರಿಸುವ ಒಂದು ಚಿತ್ರವಾದರೂ ಬೇಕು ಎಂಬುದು ನನ್ನ ಆಸೆ.

ಅಂಥ ಚಿತ್ರ ಬರೆಯುವವರು ಯುನ್-ಫೈ ಜಿ ಅವರನ್ನು ಹಾಗೆಯೇ ಅನುಸರಿಸಿದರೆ ಕೆಲಸ ಕೆಡುತ್ತದೆ. ಯಾಂಗ್‌ತ್ಸೆಯ ಕಣಿವೆಯಲ್ಲಿ ಬೆಟ್ಟ ಎರಡೂ ಕಡೆ ಗೋಡೆಯಂತೆ ನಿಂತಿದೆ, ಏರುವ ನೀರಿಗೆ ಅದೇ ಅಳತೆಗೋಲು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಎರೆಹೊಲಗಳಲ್ಲಿ ಬಿಳಿಜೋಳದ ಸಾಲು ಆಕಾಶಕ್ಕೆ ತಾಗುವವರೆಗೆ ಕಣ್ಣಿಗೆ ಅಡ್ಡಿಯಿಲ್ಲ. ಇಲ್ಲಿ ನೀರು ಮೇಲಕ್ಕೆ ಏರಿದ್ದಕ್ಕಿಂತ ಅಗಲಕ್ಕೆ ಹರಡಿದ್ದೇ ಹೆಚ್ಚು. ಹಾಗಾಗಿ ಇಲ್ಲಿಯವನಿಗೆ ದಕ್ಕುವುದು ಸಮದೂರ. ಚೀನೀಯರಲ್ಲಿ ನಿ ಝಾನ್‌ನಂಥವರು ಆ ದೂರವನ್ನೇ ನೆಚ್ಚಿ, ಈಚೆ ದಂಡೆಯಲ್ಲಿ ನಾಲ್ಕು ಮರ, ನಡುವೆ ಬರೀ ಕಾಗದ ಬಿಟ್ಟ ನೀರು, ಆಚೆ ತಗ್ಗು ಗುಡ್ಡ, ಇಷ್ಟರಲ್ಲೇ ಬರೆದರು. ನಿ ಝಾನ್‌ನ ಚಿತ್ರಗಳಲ್ಲಿ ಮನುಷ್ಯರು ಕಾಣುವುದೇ ಅಪರೂಪ. ಹಿನ್ನೀರಿನ ಚಿತ್ರದಲ್ಲಿ ಆ ಖಾಲಿ ಕಾಗದ ಬರೀ ನೀರಾಗಿ ಉಳಿಯುವುದಿಲ್ಲ. ಅದರ ಕೆಳಗೆ ಊರಿದೆ ಎಂದು ನೋಡುವವರಿಗೆ ಗೊತ್ತಿರುತ್ತದೆ. ಬಿಜಾಪುರದ ಪುಟದಿಂದ ಇನ್ನೊಂದನ್ನು ಕಲಿಯಬಹುದು: ದೂರದ್ದನ್ನು ಮೇಲಕ್ಕೂ ಹತ್ತಿರದ್ದನ್ನು ಕೆಳಕ್ಕೂ ಇಟ್ಟು, ಎರಡನ್ನೂ ಒಂದೇ ಸ್ಪಷ್ಟತೆಯಲ್ಲಿ ಬರೆಯುವ ಕ್ರಮ. ಆ ಕ್ರಮದಲ್ಲಿ ಹಳೇ ಊರು ಮತ್ತು ಹೊಸ ಊರು ಒಂದೇ ಪುಟದಲ್ಲಿ, ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ಕೂರಬಲ್ಲವು. ಉದ್ದಕ್ಕೆ ಬೇಕಾದರೆ ರಂಗಪರದೆಯ ಬಟ್ಟೆ ಇದೆ.

ಇದಕ್ಕೆ ಬೇಕಾದ ಸರಕು ಇನ್ನೂ ಜೀವಂತವಾಗಿದೆ. ಹಳೆಯ ಊರಿನಲ್ಲಿ ಯಾರ ಮನೆ ಎಲ್ಲಿತ್ತು, ಅಗಸಿಯಿಂದ ಹೊಳೆಗೆ ದಾರಿ ಹೇಗೆ ಹೋಗುತ್ತಿತ್ತು, ಬೇವಿನ ಗಿಡ ಯಾವ ಕಟ್ಟೆಯ ಮೇಲಿತ್ತು ಎಂದು ನೆಲದ ಮೇಲೆ ಗೀಟೆಳೆದು ತೋರಿಸಬಲ್ಲ ಹಿರಿಯರು ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಅಣೆಕಟ್ಟೆಯನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಅದು ಜಾರಿಯಾದಾಗ ಮತ್ತಷ್ಟು ಊರುಗಳು ಎದ್ದು ಹೊರಡಬೇಕಾಗುತ್ತದೆ. ಆ ಊರುಗಳು ಇನ್ನೂ ದಂಡೆಯ ಮೇಲಿವೆ, ಬಾಗಿಲ ಚೌಕಟ್ಟು ಗೋಡೆಯಲ್ಲೇ ಇದೆ. ವಿಜಯಪುರ, ಬಾಗಲಕೋಟೆ, ಕಲಬುರಗಿಯ ಕಲಾಶಾಲೆಗಳ ಹುಡುಗ ಹುಡುಗಿಯರು ಸ್ಕೆಚ್ ಪುಸ್ತಕ ಹಿಡಿದು ಅಲ್ಲಿಗೆ ಹೋಗಬೇಕಾದದ್ದು ಈಗ.